ವಾರ್ಡಿನಲ್ಲಿ ಬೆಳೆದ ಮನಶ್ಶಾಸ್ತ್ರ

ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮನಶ್ಶಾಸ್ತ್ರಜ್ಞರಿಗೆಂದೇ ರೂಪಿಸಿದ ಸ್ನಾತಕೋತ್ತರ ತರಬೇತಿ ಭಾರತದಲ್ಲಿ ನೆಲೆಗೊಂಡದ್ದು 1955ರ ಜನವರಿಯಿಂದ ಈಚೆಗೆ, ಬೆಂಗಳೂರಿನಲ್ಲಿ. ಅದಕ್ಕೆ ಮೊದಲು ಮನಶ್ಶಾಸ್ತ್ರ ಕಲಿಯುವ ಜಾಗ ಒಂದಾಗಿತ್ತು, ಮನೋರೋಗಿಗಳು ಇರುವ ಜಾಗ ಇನ್ನೊಂದಾಗಿತ್ತು. ಮೊದಲನೆಯದು ಕಾಲೇಜಿನ ಕಲಾವಿಭಾಗ, ಎರಡನೆಯದು ಎತ್ತರದ ಗೋಡೆಯ ಸರ್ಕಾರಿ ಆಸ್ಪತ್ರೆ. ಇವೆರಡನ್ನೂ ಒಂದೇ ಆವರಣಕ್ಕೆ ತಂದ ಕಡೆ ತರಬೇತಿ ಬೇರೂರಿತು. ತರದ ಕಡೆ ಎಂ.ಎ. ಪದವೀಧರರು ಹೆಚ್ಚಿದರೇ ಹೊರತು ರೋಗಿಯ ಪಕ್ಕ ಕೂತು ಕೆಲಸ ಮಾಡಬಲ್ಲವರು ಹೆಚ್ಚಲಿಲ್ಲ. ಮೈಸೂರು, ಬೆಂಗಳೂರು, ಧಾರವಾಡಗಳ ಜೊತೆಗೆ ಗಡಿಯಾಚೆಯ ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳನ್ನೂ ಇಟ್ಟು ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಪ್ರಯೋಗಶಾಲೆಯ ಕಡೆಯ ಕಥೆ ಕಲ್ಕತ್ತೆಯಿಂದ ಶುರುವಾಗುತ್ತದೆ. ಅಲ್ಲಿನ ವಿಶ್ವವಿದ್ಯಾಲಯಕ್ಕಾಗಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು 1905ರಲ್ಲಿ ಸಿದ್ಧಪಡಿಸಿದವರು ದಾರ್ಶನಿಕ ಬ್ರಜೇಂದ್ರನಾಥ ಸೀಲ್. ಪ್ರತ್ಯೇಕ ವಿಭಾಗ ತೆರೆಯಲು ಇನ್ನೂ ಒಂದು ದಶಕ ಹಿಡಿಯಿತು. ಹಾರ್ವರ್ಡಿನಲ್ಲಿ ಕಲಿತು ಬಂದ ಎನ್.ಎನ್. ಸೇನ್‌ಗುಪ್ತ ಅದರ ಹೊಣೆ ಹೊತ್ತರು. ಇದೇ ಸೀಲ್ 1921ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು, 1930ರವರೆಗೂ ಆ ಸ್ಥಾನದಲ್ಲಿದ್ದರು. ಅವರ ಅವಧಿಯಲ್ಲೇ, 1924ರಲ್ಲಿ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆಯಿತು. ಕಲ್ಕತ್ತೆ, ಮೈಸೂರು ಎರಡೂ ಕಡೆ ಒಬ್ಬನೇ ಮನುಷ್ಯನ ಕೈ ಇದ್ದದ್ದು ಕಾಕತಾಳೀಯವೆಂದು ತಳ್ಳಿಹಾಕುವಂಥದ್ದಲ್ಲ.

ಮೈಸೂರಿನ ವಿಭಾಗ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ಮಾಡಿ ಬಂದವರು. ಕನ್ನಡಿಗರು ಅವರನ್ನು ನೆನೆಯುವುದು ಬೇರೆಯೇ ಕಾರಣಕ್ಕೆ: 1935ರಲ್ಲಿ ತಮ್ಮ ಮೈಸೂರಿನ ಮನೆಯಿಂದಲೇ ಆಕಾಶವಾಣಿ ಎಂಬ ಖಾಸಗಿ ರೇಡಿಯೊ ಕೇಂದ್ರ ನಡೆಸಿದ್ದಕ್ಕೆ. ಸ್ಪಿಯರ್‌ಮನ್ ಶಿಷ್ಯರಾದ್ದರಿಂದ ಅವರ ವಿಭಾಗದ ಒಲವು ಅಳತೆಯ ಕಡೆಗಿತ್ತು: ಬುದ್ಧಿ, ನೆನಪು, ಗ್ರಹಿಕೆ, ಪ್ರತಿಕ್ರಿಯೆಯ ವೇಗ. ಅಲ್ಲಿ ಮುಂದೆ ಪ್ರಾಧ್ಯಾಪಕರಾದ ಬಿ. ಕುಪ್ಪುಸ್ವಾಮಿಯವರ ಹೆಸರಿನ ಸಾಮಾಜಿಕ-ಆರ್ಥಿಕ ಮಾಪಕವನ್ನು ಇಂದಿಗೂ ದೇಶದ ವೈದ್ಯಕೀಯ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಲ್ಲಿ ಬಳಸುತ್ತಾರೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರಲ್ಲಿ ಕಾದಂಬರಿಗಾರ್ತಿ ತ್ರಿವೇಣಿಯೂ ಒಬ್ಬರು. ಹೆರಿಗೆಯ ನಂತರ ಮನಸ್ಸು ಕದಡಿದ ಹೆಂಗಸಿನ ಕಥೆಯಾದ ‘ಶರಪಂಜರ’, ಪುಟ್ಟಣ್ಣ ಕಣಗಾಲರ 1971ರ ಚಿತ್ರದ ಮೂಲಕ ಮನೆಮಾತಾಯಿತು. ಪ್ರಯೋಗಶಾಲೆಯ ಪಾಠ ಆಸ್ಪತ್ರೆಯನ್ನು ಮುಟ್ಟುವ ಮೊದಲೇ ಕನ್ನಡ ಕಾದಂಬರಿಯನ್ನು ಮುಟ್ಟಿತ್ತು ಎನ್ನಬಹುದು.

ಆಸ್ಪತ್ರೆಯ ಕಡೆಯ ಕಥೆ ಇನ್ನೂ ಹಳೆಯದು. ಬೆಂಗಳೂರಿನಲ್ಲಿ 1847ರ ಸುಮಾರಿಗೆ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯರ ಕಾಲದಲ್ಲಿ ಮನೋರೋಗಿಗಳಿಗೆ ಒಂದು ಆಶ್ರಯ ಹುಟ್ಟಿತು. 1925ರಲ್ಲಿ ಅದು ‘ಮೆಂಟಲ್ ಹಾಸ್ಪಿಟಲ್’ ಆಯಿತು. ಫ್ರಾಂಕ್ ನೊರೊನ್ಹಾ ಅದರ ಮೇಲ್ವಿಚಾರಕರಾಗಿದ್ದಾಗ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲದಿಂದ, 1930ರ ದಶಕದ ಮಧ್ಯದಲ್ಲಿ ಆಸ್ಪತ್ರೆ ಪೇಟೆಯ ಗದ್ದಲದಿಂದ ಹೊಸೂರು ರಸ್ತೆಯ ಲಕ್ಕಸಂದ್ರದ ವಿಶಾಲ ಜಾಗಕ್ಕೆ ಹೋಯಿತು. ಲಂಡನ್ನಿನ ಮಾಡ್‌ಸ್ಲೆ ಆಸ್ಪತ್ರೆಯ ಎಡ್ವರ್ಡ್ ಮ್ಯಾಪೋದರ್ ಈ ಭಾಗದ ಪ್ರವಾಸದಲ್ಲಿ ಅನೇಕ ಆಸ್ಪತ್ರೆಗಳನ್ನು ಟೀಕಿಸಿದರೂ ಬೆಂಗಳೂರಿನದನ್ನು ಮೆಚ್ಚಿಕೊಂಡರು. ನೊರೊನ್ಹಾ ನಂತರ ಬಂದವರು ಎಂ.ವಿ. ಗೋವಿಂದಸ್ವಾಮಿ. ವಿದೇಶದಲ್ಲಿ ಮನೋವೈದ್ಯ ಕಲಿತು ಬಂದ ಅವರಿಗೆ ಭಾರತೀಯ ದರ್ಶನದಲ್ಲೂ ಯೋಗದಲ್ಲೂ ಅಷ್ಟೇ ಆಸಕ್ತಿ ಇತ್ತು. ಗೋಪಾಲಸ್ವಾಮಿ, ಗೋವಿಂದಸ್ವಾಮಿ ಇಬ್ಬರ ಹೆಸರೂ ‘ಎಂ.ವಿ.’ಯಿಂದ ಶುರುವಾಗುವುದರಿಂದ ಲೇಖನಗಳಲ್ಲಿ ಇವರನ್ನು ಅದಲು ಬದಲು ಮಾಡುವುದುಂಟು. ಒಬ್ಬರು ಮೈಸೂರಿನ ಪ್ರಾಧ್ಯಾಪಕರು, ಇನ್ನೊಬ್ಬರು ಬೆಂಗಳೂರಿನ ವೈದ್ಯರು.

ಉತ್ತರ ಕರ್ನಾಟಕದ ಸ್ಥಿತಿ ಬೇರೆ. ಧಾರವಾಡ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಅಲ್ಲಿನ ಮಾನಸಿಕ ಆಸ್ಪತ್ರೆಯೂ ಠಾಣೆ, ಯೆರವಡೆ, ರತ್ನಾಗಿರಿಗಳ ಆಸ್ಪತ್ರೆಗಳ ಸಾಲಿಗೆ ಸೇರಿದ್ದೇ. ಆ ಕಾಲದ ಧಾರವಾಡದ ದೊಡ್ಡ ಕೊಡುಗೆ ಆಸ್ಪತ್ರೆಯಿಂದ ಬರಲಿಲ್ಲ, ಶಿಕ್ಷಣ ಕ್ಷೇತ್ರದಿಂದ ಬಂತು. ವಿ.ವಿ. ಕಾಮತ್ 1930ರ ದಶಕದಲ್ಲಿ ಫ್ರೆಂಚರ ಬಿನೆ ಪರೀಕ್ಷೆಯ ಅಮೆರಿಕನ್ ರೂಪವಾದ ಸ್ಟ್ಯಾನ್‌ಫರ್ಡ್-ಬಿನೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ‘ಮುಂಬಯಿ-ಕರ್ನಾಟಕ ಪರಿಷ್ಕರಣ’ ಎಂದು ಕರೆಸಿಕೊಂಡ ಆ ಕೆಲಸ 1940ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಿಂದ ಪುಸ್ತಕವಾಗಿ ಹೊರಬಂತು. ಪ್ರತಿ ವಯಸ್ಸಿಗೂ ಕೆಲವು ಪ್ರಶ್ನೆ, ಕೆಲವು ಕೆಲಸ. ಮಗು ಯಾವ ವಯಸ್ಸಿನ ಪ್ರಶ್ನೆಗಳವರೆಗೆ ಸಾಗಿತೆಂದು ನೋಡಿ ಅದರ ಮಾನಸಿಕ ವಯಸ್ಸು, ಅದರಿಂದ ಐಕ್ಯೂ. ಬಿನೆ-ಕಾಮತ್ ಎಂದೇ ಹೆಸರಾದ ಈ ಪರೀಕ್ಷೆ ಮಕ್ಕಳ ಬೌದ್ಧಿಕ ಅಂಗವೈಕಲ್ಯವನ್ನು ಗುರುತಿಸಲು ಇಂದಿಗೂ ಭಾರತದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಕ್ಲಿನಿಕಲ್ ಸೈಕಾಲಜಿ ಕಲಿಯುವ ವಿದ್ಯಾರ್ಥಿ ಮೊದಲ ತಿಂಗಳುಗಳಲ್ಲೇ ಕೈಗೆತ್ತಿಕೊಳ್ಳುವ ಪೆಟ್ಟಿಗೆಗಳಲ್ಲಿ ಇದೂ ಒಂದು. ಕನ್ನಡ, ಮರಾಠಿ ಎರಡೂ ಭಾಷೆಗಳ ಮಕ್ಕಳನ್ನು ಒಟ್ಟಿಗೆ ಇಟ್ಟುಕೊಂಡು ಸಿದ್ಧವಾದ ಅಳತೆಗೋಲು ಇದು. ಭಾಷಾವಾರು ಪ್ರಾಂತ್ಯ ರಚನೆಯ ನಂತರ ಅಂಥ ಜಂಟಿ ಕೆಲಸ ವಿರಳವಾಯಿತು ಎಂಬುದು ವಿಷಾದದ ಸಂಗತಿ.

ಮುಂಬಯಿ ನಗರದಲ್ಲಿ ಇದೇ ಹೊತ್ತಿಗೆ ಮೂರನೆಯ ದಾರಿಯೊಂದು ತೆರೆದಿತ್ತು. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಆರಂಭವಾಯಿತು. ಮರುವರ್ಷವೇ ಅದರ ಆಶ್ರಯದಲ್ಲಿ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯ ನಡೆಯತೊಡಗಿತು. 1938ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಮನೋರೋಗದ ಹೊರರೋಗಿ ವಿಭಾಗ ಬಂತು. ಗೋಡೆಯೊಳಗೆ ಕೂಡಿಹಾಕದೆ, ಸಾಮಾನ್ಯ ಆಸ್ಪತ್ರೆಯ ಒಪಿಡಿಯಲ್ಲೇ ಮನಸ್ಸಿನ ತೊಂದರೆ ನೋಡುವ ಈ ಪದ್ಧತಿ ಮುಂದೆ, ದೇಹದ ಕಾಯಿಲೆಯಲ್ಲಿ ಮನಸ್ಸಿನ ಪಾತ್ರವನ್ನು ನೋಡುವ ಆರೋಗ್ಯ ಮನಶ್ಶಾಸ್ತ್ರಕ್ಕೆ ನೆಲ ಹದಗೊಳಿಸಿತು. ಆದರೆ ಅಲ್ಲಿ ಮನಶ್ಶಾಸ್ತ್ರಜ್ಞರಿಗೆ ಕೆಲಸ ಸಿಕ್ಕಿತೇ ಹೊರತು ಅವರನ್ನು ತಯಾರು ಮಾಡುವ ಕ್ರಮಬದ್ಧ ಕೋರ್ಸು ಹುಟ್ಟಲಿಲ್ಲ.

ಆ ಕೋರ್ಸಿಗೆ ದಾರಿ ಮಾಡಿದ್ದು 1946ರ ಭೋರ್ ಸಮಿತಿಯ ವರದಿ. ಸ್ವಾತಂತ್ರ್ಯದ ಹೊಸ್ತಿಲಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನೆಲ್ಲ ಪರಿಶೀಲಿಸಿದ ಸಮಿತಿ, ಮಾನಸಿಕ ಆಸ್ಪತ್ರೆಗಳ ದುಃಸ್ಥಿತಿಯನ್ನೂ ತರಬೇತಿ ಪಡೆದವರ ಕೊರತೆಯನ್ನೂ ಎತ್ತಿ ತೋರಿಸಿತು. ಅದರ ಫಲವಾಗಿ, ಕೇಂದ್ರ ಮತ್ತು ಮೈಸೂರು ಸರ್ಕಾರಗಳ ಜಂಟಿ ಪ್ರಯತ್ನದಿಂದ, 1954ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಗೋವಿಂದಸ್ವಾಮಿ ಮೊದಲ ನಿರ್ದೇಶಕರು. ಮರುತಿಂಗಳೇ ಎರಡು ಡಿಪ್ಲೊಮಾಗಳು ಶುರುವಾದವು: ವೈದ್ಯರಿಗೆ ಡಿ.ಪಿ.ಎಂ. (ಡಿಪ್ಲೊಮಾ ಇನ್ ಸೈಕಲಾಜಿಕಲ್ ಮೆಡಿಸಿನ್), ಮನಶ್ಶಾಸ್ತ್ರ ಓದಿದವರಿಗೆ ಡಿ.ಎಂ.ಪಿ., ಅಂದರೆ ಡಿಪ್ಲೊಮಾ ಇನ್ ಮೆಡಿಕಲ್ ಸೈಕಾಲಜಿ. ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಅದರ ಬೆನ್ನಲ್ಲೇ ಬಂತು. ಡಿಪ್ಲೊಮಾಗಳನ್ನು ಪ್ರದಾನ ಮಾಡಿದ್ದು ಮೈಸೂರು ವಿಶ್ವವಿದ್ಯಾಲಯ. ಮೂರು ದಶಕ ಮೊದಲು ಕಾಲೇಜಿನ ಪ್ರಯೋಗಶಾಲೆಗೆ ಜಾಗ ಕೊಟ್ಟ ವಿಶ್ವವಿದ್ಯಾಲಯವೇ ಈಗ ವಾರ್ಡಿನಲ್ಲಿ ಕಲಿತದ್ದಕ್ಕೂ ಮುದ್ರೆ ಒತ್ತಿತು.

ಈ ಏರ್ಪಾಟಿನ ಹೊಸತನ ಪಠ್ಯಕ್ಕಿಂತ ಹೆಚ್ಚಾಗಿ ಜಾಗದಲ್ಲಿತ್ತು. ಪಕ್ಕದಲ್ಲೇ ನೂರಾರು ರೋಗಿಗಳಿರುವ ಆಸ್ಪತ್ರೆ. ವೈದ್ಯರು, ಮನಶ್ಶಾಸ್ತ್ರಜ್ಞರು, ದಾದಿಯರು ಒಬ್ಬನೇ ರೋಗಿಯ ಸುತ್ತ ಕೂತು ಮಾತಾಡಬೇಕಾದ ಅನಿವಾರ್ಯತೆ. ಮನಶ್ಶಾಸ್ತ್ರದ ವಿದ್ಯಾರ್ಥಿ ಕೇಸ್ ಹಿಸ್ಟರಿ ಬರೆಯಬೇಕು, ಮನೆಯವರನ್ನು ಕೂರಿಸಿ ಕೇಳಬೇಕು, ಪರೀಕ್ಷೆಗಳನ್ನು ಕೊಟ್ಟು ಫಲಿತಾಂಶವನ್ನು ಎಲ್ಲರೆದುರು ಸಮರ್ಥಿಸಬೇಕು, ಮಿದುಳು ಮತ್ತು ನರಮಂಡಲದ ಪಾಠಕ್ಕೂ ಹಾಜರಾಗಬೇಕು. ದೇಶದ ಮೂಲೆಮೂಲೆಗಳಿಂದ ಬಂದವರಿಗೆ ಒಂದಿಷ್ಟು ಕನ್ನಡ ಕಲಿಯದೆ ಗತಿಯಿರಲಿಲ್ಲ. ರೋಗಿ ತನ್ನ ಸಂಕಟವನ್ನು ಹೇಳಿಕೊಳ್ಳುವುದು ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ ಅಲ್ಲವಷ್ಟೆ. ಸಂಸ್ಥೆಯ ಮನಶ್ಶಾಸ್ತ್ರ ವಿಭಾಗದ ಆರಂಭದ ದಶಕಗಳ ಗುರುಗಳಲ್ಲಿ ಸಾ.ಕೃ. ರಾಮಚಂದ್ರರಾವ್ ಇದ್ದರು. ಆಗಮ, ಶಿಲ್ಪ, ಬೌದ್ಧ ದರ್ಶನ, ಚಿತ್ರಕಲೆಗಳ ಮೇಲೆ ಬರೆದ ಅವರ ಪುಸ್ತಕಗಳನ್ನು ಓದಿದ ಕನ್ನಡಿಗರಿಗೆ, ಆ ಪಂಡಿತರು ವೃತ್ತಿಯಿಂದ ಕ್ಲಿನಿಕಲ್ ಸೈಕಾಲಜಿಯ ಪ್ರಾಧ್ಯಾಪಕರೆಂಬುದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಭಾರತದಲ್ಲಿ ಮನಸ್ಸಿನ ಕುರಿತ ಚಿಂತನೆ ಬೆಳೆದ ಬಗೆಯ ಮೇಲೆ ಅವರ ಇಂಗ್ಲಿಷ್ ಗ್ರಂಥ 1962ರಲ್ಲಿ ಬಂತು.

ಪಶ್ಚಿಮದ ವಿಧಾನಗಳನ್ನು ಹಾಗೆಹಾಗೇ ಬಳಸಿದರೆ ಆಗುವ ತೊಡಕು ಬೇಗನೆ ಕಂಡಿತು. ಆ ಸಂಸ್ಥೆಯ ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಮ್ 1964ರಲ್ಲಿ ಭಾರತದ ಪರಿಸರದಲ್ಲಿ ಮಾತಿನ ಚಿಕಿತ್ಸೆಯ ಬಗ್ಗೆ ಒಂದು ಲೇಖನ ಬರೆದರು. ಚಿಕಿತ್ಸಕ ದೂರ ನಿಂತು ಕೇಳಿಸಿಕೊಳ್ಳುವುದು ಇಲ್ಲಿನ ರೋಗಿಗೆ ಸಾಲದು, ಅವನು ನೇರ ಆಸರೆ ಬಯಸುತ್ತಾನೆ, ಸಲಹೆ ಕೇಳುತ್ತಾನೆ, ಹಿರಿಯರೊಬ್ಬರ ಮುಂದೆ ಕೂತಂತೆ ಕೂರುತ್ತಾನೆ ಎಂಬುದು ಅದರ ಸಾರ. ಕೆಲವೇ ಪುಟಗಳ ಈ ಬರಹವನ್ನು ಭಾರತದಲ್ಲಿ ಮನೋಚಿಕಿತ್ಸೆಯ ಬಗ್ಗೆ ಬರೆಯುವವರು ಈಗಲೂ ಉಲ್ಲೇಖಿಸುತ್ತಾರೆ.

ಬೆಂಗಳೂರಿನ ನಂತರ ಎರಡನೆಯ ಕೇಂದ್ರವಾಗಿ ಬೆಳೆದದ್ದು ರಾಂಚಿ, 1960ರ ದಶಕದಲ್ಲಿ. ಅಲ್ಲಿನ ಡಿಪ್ಲೊಮಾದ ಹೆಸರಿನಲ್ಲಿ ‘ಮೆಡಿಕಲ್’ ಜೊತೆಗೆ ‘ಸೋಷಿಯಲ್’ ಕೂಡ ಸೇರಿತು. 1968ರಲ್ಲಿ ಭಾರತೀಯ ಕ್ಲಿನಿಕಲ್ ಸೈಕಾಲಜಿಸ್ಟರ ಸಂಘ ಹುಟ್ಟಿತು, 1974ರಲ್ಲಿ ಅದರ ನಿಯತಕಾಲಿಕ ಬಂತು. ಅದೇ 1974ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಂಸ್ಥೆಯನ್ನೂ ಪಕ್ಕದ ಮಾನಸಿಕ ಆಸ್ಪತ್ರೆಯನ್ನೂ ಒಂದುಗೂಡಿಸಿ ನಿಮ್ಹಾನ್ಸ್ ಮಾಡಲಾಯಿತು. ಆ ದಶಕ ಮುಗಿಯುವಷ್ಟರಲ್ಲಿ ಡಿಪ್ಲೊಮಾ ಹೋಗಿ ಎರಡು ವರ್ಷದ ಎಂ.ಫಿಲ್. ಬಂದಿತ್ತು. ಎಚ್.ಎನ್. ಮೂರ್ತಿಯವರ ಕಾಲದಲ್ಲಿ ವರ್ತನಾ ಚಿಕಿತ್ಸೆಯೂ, ಸಿ.ಆರ್. ಮುಕುಂದನ್ ಮೊದಲಾದವರಿಂದ ನರಮನಶ್ಶಾಸ್ತ್ರವೂ ಅಲ್ಲಿ ಬಲಗೊಂಡವು. ಈ ಹೊತ್ತಿಗೆ ಪರೀಕ್ಷೆಗಳ ಪೆಟ್ಟಿಗೆಯೂ ತುಂಬಿತ್ತು: 1955ರ ಭಾಟಿಯಾ ಬ್ಯಾಟರಿ, ನಾಗಪುರದಲ್ಲಿ ಎ.ಜೆ. ಮಾಲಿನ್ ಭಾರತೀಯ ಮಕ್ಕಳಿಗೆಂದು ಒಗ್ಗಿಸಿದ ಬುದ್ಧಿಮಾಪಕ, ಧಾರವಾಡದ ಹಳೆಯ ಬಿನೆ-ಕಾಮತ್. 2004ರಲ್ಲಿ ನಿಮ್ಹಾನ್ಸಿನದೇ ನರಮನಶ್ಶಾಸ್ತ್ರೀಯ ಪರೀಕ್ಷಾ ಸರಣಿ ಸೇರಿತು.

ಇಲ್ಲಿಯವರೆಗಿನ ತರಬೇತಿಯ ಗಮನವೆಲ್ಲ ಮನೋರೋಗದ ಮೇಲಿತ್ತು. ಹೃದ್ರೋಗಿ, ಕ್ಯಾನ್ಸರ್ ರೋಗಿ, ಡಯಾಲಿಸಿಸ್‌ಗೆ ಬರುವವರು, ಸಕ್ಕರೆ ಕಾಯಿಲೆಯವರು ಮನಶ್ಶಾಸ್ತ್ರಜ್ಞರ ಬಳಿಗೆ ಬರುವುದು ಅಪರೂಪವಾಗಿತ್ತು. ಅಮೆರಿಕದಲ್ಲಿ ಜಾರ್ಜ್ ಎಂಗಲ್ 1977ರಲ್ಲಿ ದೇಹ, ಮನಸ್ಸು, ಸಮಾಜ ಮೂರನ್ನೂ ಸೇರಿಸಿ ಕಾಯಿಲೆಯನ್ನು ನೋಡಬೇಕೆಂದು ವಾದಿಸಿದರು. ಮರುವರ್ಷ ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘದಲ್ಲಿ ಜೋಸೆಫ್ ಮಟರಾಜೊ ಅಧ್ಯಕ್ಷತೆಯಲ್ಲಿ ಆರೋಗ್ಯ ಮನಶ್ಶಾಸ್ತ್ರದ ಪ್ರತ್ಯೇಕ ವಿಭಾಗವಾಯಿತು. 1983ರಲ್ಲಿ ಈ ಕ್ಷೇತ್ರದ ಶಿಕ್ಷಣ ಹೇಗಿರಬೇಕೆಂದು ನಿರ್ಧರಿಸಲೆಂದೇ ಒಂದು ರಾಷ್ಟ್ರೀಯ ಸಮ್ಮೇಳನ ನಡೆಯಿತು, 1997ರಲ್ಲಿ ಕ್ಲಿನಿಕಲ್ ಹೆಲ್ತ್ ಸೈಕಾಲಜಿ ಎಂಬುದಕ್ಕೆ ವಿಶೇಷ ಶಾಖೆಯೆಂಬ ಮನ್ನಣೆ ಸಿಕ್ಕಿತು. ಭಾರತದಲ್ಲಿ ಹೀಗೆ ಬೇರೆಯೇ ಕವಲು ಒಡೆಯಲಿಲ್ಲ. ಇಲ್ಲಿ ಅದು ‘ಬಿಹೇವಿಯರಲ್ ಮೆಡಿಸಿನ್’ ಎಂಬ ಹೆಸರಿನಲ್ಲಿ ಕ್ಲಿನಿಕಲ್ ಸೈಕಾಲಜಿಯ ಒಳಗೇ ಬೆಳೆಯಿತು. ನಿಮ್ಹಾನ್ಸಿನಲ್ಲಿ ಆ ಹೆಸರಿನ ಘಟಕವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರೋಗಿಯ ಭಯ, ನೋವು, ಮನೆಯವರ ಕಂಗಾಲುತನಗಳನ್ನು ನೋಡಿಕೊಳ್ಳುವ ಕೆಲಸ ಮನಶ್ಶಾಸ್ತ್ರಜ್ಞರಿಗೆ ಬಂತು. ಪ್ರತ್ಯೇಕ ಪದವಿ ಆಗದಿದ್ದದ್ದರಿಂದ ಲಾಭವೂ ಆಯಿತು: ತೀವ್ರ ಮನೋರೋಗದ ವಾರ್ಡಿನಲ್ಲಿ ಪಳಗಿದವರೇ ಇಲ್ಲಿಗೂ ಬಂದರು. ನಷ್ಟವೇನೆಂದರೆ, ಸಾಮಾನ್ಯ ಆಸ್ಪತ್ರೆಗಳ ಅಗತ್ಯ ಯಾವಾಗಲೂ ಎರಡನೆಯ ಸ್ಥಾನದಲ್ಲಿ ಉಳಿಯಿತು.

1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯ್ದೆ ಈ ತರಬೇತಿಗೆ ಕಾನೂನಿನ ಚೌಕಟ್ಟು ಕೊಟ್ಟಿತು. ಮಂಡಳಿ, ಅಂದರೆ ಆರ್‌ಸಿಐ, ಕೋರ್ಸುಗಳಿಗೆ ಮಾನ್ಯತೆ ಕೊಡುತ್ತದೆ, ಪಾಸಾದವರ ಹೆಸರನ್ನು ಕೇಂದ್ರ ನೋಂದಣಿ ಪುಸ್ತಕಕ್ಕೆ ಸೇರಿಸುತ್ತದೆ. ಅಂಗವಿಕಲರ ಪುನರ್ವಸತಿಗೆಂದು ಹುಟ್ಟಿದ ಸಂಸ್ಥೆಯ ಕೈಗೆ ಮಾನಸಿಕ ಚಿಕಿತ್ಸಕರ ಪರವಾನಗಿ ಬಂದದ್ದು ಸ್ವಲ್ಪ ವಿಚಿತ್ರವೇ. ಆದರೂ ಅದು ರೂಪಿಸಿದ ಎಂ.ಫಿಲ್. ಪಠ್ಯಕ್ರಮ ಗಟ್ಟಿಯಾದದ್ದು. ಮೊದಲ ವರ್ಷ ಮನೋರೋಗಗಳು, ಅವುಗಳ ಸಾಮಾಜಿಕ ಮೂಲ, ಸಂಖ್ಯಾಶಾಸ್ತ್ರ. ಜೊತೆಗೆ ಪೂರ್ತಿಯಾಗಿ ಪರೀಕ್ಷಿಸಿ ಬರೆದ ಐದು ರೋಗನಿದಾನ ವರದಿಗಳು. ಎರಡನೆಯ ವರ್ಷ ವರ್ತನೆಯ ಜೈವಿಕ ತಳಹದಿ, ಮನೋಚಿಕಿತ್ಸೆ, ಬಿಹೇವಿಯರಲ್ ಮೆಡಿಸಿನ್. ಐದು ಚಿಕಿತ್ಸಾ ದಾಖಲೆಗಳು, ಒಂದು ಪ್ರಬಂಧ. ಹೃದಯ, ಜೀರ್ಣಾಂಗ, ನೋವು, ಕ್ಯಾನ್ಸರ್, ಎಚ್‌ಐವಿ, ಮರಣದಂಚಿನ ರೋಗಿಯ ಆರೈಕೆ ಇವೆಲ್ಲ ಬರುವುದು ಆ ಕೊನೆಯ ಪತ್ರಿಕೆಯಲ್ಲಿ. ಎರಡು ವರ್ಷವೂ ಪೂರ್ಣಾವಧಿ, ಆಸ್ಪತ್ರೆಯ ಕೆಲಸ ಮೇಲ್ವಿಚಾರಣೆಯಲ್ಲೇ ನಡೆಯಬೇಕು. ಒಬ್ಬ ಮಾರ್ಗದರ್ಶಕನ ಕೈಕೆಳಗೆ ಇಂತಿಷ್ಟೇ ವಿದ್ಯಾರ್ಥಿಗಳೆಂಬ ಮಿತಿಯಿರುವುದರಿಂದ ಸೀಟುಗಳು ಸಹಜವಾಗಿಯೇ ಕಡಿಮೆ.

ಬೇಡಿಕೆ ಮಾತ್ರ ಬೆಳೆಯುತ್ತಲೇ ಹೋಯಿತು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೆನ್ನಿಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗವೊಂದನ್ನು ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಕಲಿಸಿ, ಜಿಲ್ಲೆಯ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ನೀಡುವುದು ಅದರ ಬಗೆ. ಬಳ್ಳಾರಿಯ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಪ್ರತಿ ಜಿಲ್ಲಾ ತಂಡಕ್ಕೂ ಮನೋವೈದ್ಯರ ಜೊತೆ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕಾಯಿತು. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ 28 ಮನೋರೋಗಿಗಳು ಬೆಂಕಿಗೆ ಬಲಿಯಾದ ಮೇಲೆ ಸುಪ್ರೀಂ ಕೋರ್ಟು ಮಧ್ಯೆ ಪ್ರವೇಶಿಸಿತು. ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯಲ್ಲಿ ಮನೋವೈದ್ಯ, ಕ್ಲಿನಿಕಲ್ ಸೈಕಾಲಜಿ, ಮನೋವೈದ್ಯಕೀಯ ಸಮಾಜಕಾರ್ಯ, ಶುಶ್ರೂಷೆ ಈ ನಾಲ್ಕರ ಸ್ನಾತಕೋತ್ತರ ವಿಭಾಗಗಳನ್ನು ಬಲಪಡಿಸಲು ಕೇಂದ್ರ ಹಣ ಬಿಡುಗಡೆ ಮಾಡಿತು. ಧಾರವಾಡದ ಹಳೆಯ ಆಸ್ಪತ್ರೆ ಡಿಮ್ಹಾನ್ಸ್ ಆಗಿ ಎಂ.ಫಿಲ್. ನಡೆಸುವ ಮಟ್ಟಕ್ಕೆ ಬಂದದ್ದು ಈ ಕಾಲಘಟ್ಟದಲ್ಲೇ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆಯೆಂದು ಲೆಕ್ಕ ಹಾಕಿತು. ಆ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕವೂ ಇರಲಿಲ್ಲ, ಮಹಾರಾಷ್ಟ್ರವೂ ಇರಲಿಲ್ಲ. ಪೂರ್ವಭಾವಿ ಪರೀಕ್ಷೆಯನ್ನು ಮಾತ್ರ ಕೋಲಾರದಲ್ಲಿ ನಡೆಸಲಾಗಿತ್ತು.

ಮಹಾರಾಷ್ಟ್ರದಲ್ಲಿ ಮನಶ್ಶಾಸ್ತ್ರವೂ ಆಸ್ಪತ್ರೆಯೂ ಬೇರೆಬೇರೆ ದಾರಿ ಹಿಡಿದವು. ನಾಸಿಕದ ಕಾಲೇಜುಗಳು 1949ರಲ್ಲಿ ಸ್ಥಾಪನೆಯಾದ ಪುಣೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದವು. ಆ ವಿಶ್ವವಿದ್ಯಾಲಯದಲ್ಲಿ ವಿ.ಕೆ. ಕೋಠೂರಕರ್ ಕಟ್ಟಿದ ವಿಭಾಗದ ಹೆಸರೇ ಪ್ರಾಯೋಗಿಕ ಮನಶ್ಶಾಸ್ತ್ರ. ಮೈಸೂರಿನಂತೆ ಅಲ್ಲಿಯೂ ಒಲವು ಪ್ರಯೋಗಶಾಲೆಯ ಕಡೆಗೆ. ವೈದ್ಯಕೀಯ ಕಾಲೇಜುಗಳೂ ಮೊದಲು ಆಯಾ ಪ್ರದೇಶದ ಸಾಮಾನ್ಯ ವಿಶ್ವವಿದ್ಯಾಲಯದ ಅಡಿಯಲ್ಲೇ ಇದ್ದವು. 1998ರಲ್ಲಿ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ ನಾಸಿಕದಲ್ಲಿ ಸ್ಥಾಪನೆಯಾದಾಗ ರಾಜ್ಯದ ವೈದ್ಯಕೀಯ, ದಂತವೈದ್ಯ, ಆಯುರ್ವೇದ, ನರ್ಸಿಂಗ್ ಕಾಲೇಜುಗಳೆಲ್ಲ ಅದರ ಕೈಗೆ ಹೋದವು. ಎರಡು ವರ್ಷ ಮೊದಲು ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದಾಗ ಕರ್ನಾಟಕದಲ್ಲೂ ಹೀಗೇ ಆಗಿತ್ತು. ಪರೀಕ್ಷೆ, ಪ್ರವೇಶ, ಗುಣಮಟ್ಟಗಳ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆಯೇ. ಆದರೆ ಕಲಾವಿಭಾಗದ ಮನಶ್ಶಾಸ್ತ್ರ ಹಳೆಯ ವಿಶ್ವವಿದ್ಯಾಲಯದಲ್ಲೇ ಉಳಿಯಿತು. ಎಂ.ಎ. ಓದುವುದು ಒಂದು ವಿಶ್ವವಿದ್ಯಾಲಯದಲ್ಲಿ, ರೋಗಿಗಳಿರುವುದು ಇನ್ನೊಂದರ ಆಸ್ಪತ್ರೆಯಲ್ಲಿ ಎಂಬಂತಾಯಿತು. ಆರೋಗ್ಯ ವಿಶ್ವವಿದ್ಯಾಲಯದ ಕಚೇರಿ ನಾಸಿಕದಲ್ಲಿದ್ದರೂ ರಾಜ್ಯದ ಹಳೆಯ ನಾಲ್ಕು ಸರ್ಕಾರಿ ಮಾನಸಿಕ ಆಸ್ಪತ್ರೆಗಳು ಇದ್ದದ್ದು ಠಾಣೆ, ಪುಣೆ, ರತ್ನಾಗಿರಿ, ನಾಗಪುರಗಳಲ್ಲಿ. ಸರ್ಕಾರಿ ವಲಯದ ಎಂ.ಫಿಲ್. ತರಬೇತಿ ನೆಲೆಯೂರಿದ್ದು ಪುಣೆಯ ಸಸೂನ್ ಆಸ್ಪತ್ರೆಯ ಆವರಣದ ಮಹಾರಾಷ್ಟ್ರ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ. ಪದವಿಯ ಕಾಗದ ನಾಸಿಕದ್ದು, ವಾರ್ಡು ಪುಣೆಯದು.

ಛತ್ರಪತಿ ಸಂಭಾಜಿನಗರದ ಹಿನ್ನೆಲೆ ಇನ್ನೂ ಭಿನ್ನ, ಕಲಬುರಗಿ-ಬೀದರ್‌ಗಳ ಓದುಗರಿಗೆ ಅಷ್ಟೇ ಪರಿಚಿತ. 2023ರಲ್ಲಿ ಹೆಸರು ಬದಲಾಗುವ ಮೊದಲು ಔರಂಗಾಬಾದ್ ಎನಿಸಿದ್ದ ಈ ನಗರವೂ, ಕಲಬುರಗಿ, ಬೀದರ್, ರಾಯಚೂರುಗಳೂ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದವು. ಎಲ್ಲಕ್ಕೂ ಒಂದೇ ಉಸ್ಮಾನಿಯಾ ವಿಶ್ವವಿದ್ಯಾಲಯ. 1950ರಲ್ಲಿ ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿ ಇಲ್ಲಿ ಮಿಲಿಂದ ಕಾಲೇಜು ತೆರೆದಾಗ ಮರಾಠವಾಡದಲ್ಲಿ ಉನ್ನತ ಶಿಕ್ಷಣದ ಸೌಕರ್ಯ ತೀರ ಕಡಿಮೆಯಿತ್ತು. ಸರ್ಕಾರಿ ವೈದ್ಯಕೀಯ ಕಾಲೇಜು 1956ರಲ್ಲಿ ಬಂತು. ಅದರ ಆಸ್ಪತ್ರೆಯನ್ನು ಊರವರು ಈಗಲೂ ‘ಘಾಟಿ’ ಎಂದೇ ಕರೆಯುತ್ತಾರೆ. ಮರಾಠವಾಡ ವಿಶ್ವವಿದ್ಯಾಲಯ 1958ರ ಆಗಸ್ಟ್ 23ರಂದು ಆರಂಭವಾಯಿತು. ಅದಕ್ಕೆ ಡಾ. ಬಾಬಾಸಾಹೇಬ್ ಅಂಬೇಡ್ಕರರ ಹೆಸರಿಡಬೇಕೆಂಬ ಹೋರಾಟ 1978ರ ಹಿಂಸಾಚಾರವನ್ನೂ ದಾಟಿ 1994ರ ಜನವರಿ 14ರಂದು ಫಲಿಸಿತು. ಕಲಬುರಗಿಗೆ ತನ್ನದೇ ವಿಶ್ವವಿದ್ಯಾಲಯ ಸಿಕ್ಕಿದ್ದು 1980ರಲ್ಲಿ. ಗಡಿಯ ಎರಡೂ ಬದಿ ಎಂ.ಎ. ಮಟ್ಟದ ಮನಶ್ಶಾಸ್ತ್ರ ಇದ್ದರೂ ಅದು ಘಾಟಿಯಂಥ ಆಸ್ಪತ್ರೆಗಳ ಹೊರಗೇ ಉಳಿಯಿತು. ನಾಸಿಕದ ಆರೋಗ್ಯ ವಿಶ್ವವಿದ್ಯಾಲಯ ಬಂದ ಮೇಲೆ ಈ ಬಿರುಕು ಆಡಳಿತದಲ್ಲೂ ಗಟ್ಟಿಯಾಯಿತು.

ತರಬೇತಿ ಪಡೆದವರು ಸಾಲದೆ ಬಂದಾಗ ಏನಾಗುತ್ತದೆಂದು ಮರಾಠವಾಡಕ್ಕೆ ಎರಡು ಬಾರಿ ಅರಿವಾಯಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ನಡುಗಿ ಸಾವಿರಾರು ಮಂದಿ ಸತ್ತರು. ಕಲಬುರಗಿ, ಬೀದರ್‌ಗಳಲ್ಲೂ ನೆಲ ಅಲುಗಾಡಿತು. ದುರಂತದಲ್ಲಿ ಬದುಕುಳಿದವರ ಮನಸ್ಸನ್ನು ನೋಡಿಕೊಳ್ಳುವ ಬಗ್ಗೆ ದೇಶದಲ್ಲಿ ಆಗ ಇದ್ದ ಅನುಭವ ಅಲ್ಪ. 1981ರಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಬೆಂಕಿಯ ನಂತರ ನಿಮ್ಹಾನ್ಸ್ ತಂಡ ಸತ್ತವರ ಕುಟುಂಬಗಳನ್ನು ಭೇಟಿ ಮಾಡಿತ್ತು, 1984ರ ಭೋಪಾಲದ ಅನಿಲ ದುರಂತ ಇನ್ನಷ್ಟು ಪಾಠ ಕಲಿಸಿತ್ತು. ಕಿಲ್ಲಾರಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬದುಕುಳಿದವರ ಮಾನಸಿಕ ಆರೋಗ್ಯದ ದೀರ್ಘ ಅಧ್ಯಯನಕ್ಕೆ ಕೈಹಾಕಿತು. ಎರಡನೆಯದು ಒಮ್ಮೆಗೇ ಬಂದೆರಗಿದ್ದಲ್ಲ, ವರ್ಷ ವರ್ಷವೂ ಬರ, ಸಾಲ, ಬೆಳೆನಷ್ಟಗಳ ಜೊತೆ ಬಂದದ್ದು: ರೈತರ ಆತ್ಮಹತ್ಯೆ. 2015ರ ಸುಮಾರಿಗೆ ಮಹಾರಾಷ್ಟ್ರ ಸರ್ಕಾರ ಮರಾಠವಾಡ ಮತ್ತು ವಿದರ್ಭದ 14 ಜಿಲ್ಲೆಗಳಲ್ಲಿ ‘ಪ್ರೇರಣಾ ಪ್ರಕಲ್ಪ’ ಎಂಬ ರೈತರ ಆಪ್ತಸಮಾಲೋಚನಾ ಯೋಜನೆ ತಂದಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕುಗ್ಗಿದವರನ್ನು ಗುರುತಿಸಿ ಜಿಲ್ಲಾ ಆಸ್ಪತ್ರೆಗೆ ಕಳಿಸುವ ಏರ್ಪಾಟು ಅದು. ಕಳಿಸಿದವರನ್ನು ನೋಡಲು ಅಲ್ಲಿ ಯಾರಿರಬೇಕು ಎಂಬ ಪ್ರಶ್ನೆಗೆ ಉತ್ತರ ಮತ್ತೆ ಅದೇ ವಿರಳ ಎಂ.ಫಿಲ್. ಸೀಟುಗಳ ಬಳಿಗೇ ಹೋಗುತ್ತದೆ. 2022ರ ಅಕ್ಟೋಬರಿನಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ ಶುರುವಾದ ಟೆಲಿ-ಮಾನಸ್, 14416 ಸಂಖ್ಯೆಯ ಮೂಲಕ, ಈ ಕೊರತೆಯನ್ನು ಫೋನಿನಲ್ಲಿ ಸ್ವಲ್ಪ ತುಂಬುತ್ತಿದೆ.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಮರುವರ್ಷ ಜಾರಿಗೆ ಬಂದಾಗ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರೆಂಬುದು ಕಾನೂನಿನಲ್ಲೇ ನಿಗದಿಯಾಯಿತು. ಆರ್‌ಸಿಐ ಮಾನ್ಯ ಅರ್ಹತೆ ಇರುವವರು, ಅಥವಾ ಸ್ನಾತಕೋತ್ತರ ಪದವಿಯ ಮೇಲೆ ಕ್ಲಿನಿಕಲ್ ಸೈಕಾಲಜಿಯಲ್ಲೋ ‘ಮೆಡಿಕಲ್ ಅಂಡ್ ಸೋಷಿಯಲ್ ಸೈಕಾಲಜಿ’ಯಲ್ಲೋ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಮಾಡಿದವರು. 2021ರಲ್ಲಿ ಬಂದ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಉಳಿದ ಮನಶ್ಶಾಸ್ತ್ರಜ್ಞರನ್ನೂ, ಎಚ್‌ಐವಿ, ಕುಟುಂಬ ಯೋಜನೆ ಮೊದಲಾದ ವಿಭಾಗಗಳ ಆಪ್ತಸಮಾಲೋಚಕರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಮನೋರೋಗದ ವಾರ್ಡಿನವರು ಒಂದು ಮಂಡಳಿಯ ಅಡಿಯಲ್ಲಿ, ಮಧುಮೇಹದ ಒಪಿಡಿಯಲ್ಲಿ ಸಲಹೆ ಕೊಡುವವರು ಇನ್ನೊಂದು ಆಯೋಗದ ಅಡಿಯಲ್ಲಿ ಎಂಬ ಹೊಸ ವಿಂಗಡಣೆ ಹೀಗೆ ಉಂಟಾಯಿತು.

ಇಷ್ಟರಲ್ಲಿ ಎಂ.ಫಿಲ್. ಪದವಿಗೇ ಕುತ್ತು ಬಂತು. 2020ರ ಶಿಕ್ಷಣ ನೀತಿ ಎಂ.ಫಿಲ್. ನಿಲ್ಲಿಸಬೇಕೆಂದಿತು, 2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅದನ್ನು ನಿಯಮವಾಗಿಸಿತು. ಸಂಶೋಧನೆಯ ಮೆಟ್ಟಿಲೆಂದು ಹುಟ್ಟಿದ ಪದವಿಯನ್ನು ತೆಗೆಯುವಾಗ, ಅದೇ ಹೆಸರಿನಲ್ಲಿ ಆಸ್ಪತ್ರೆಯ ತರಬೇತಿಯೊಂದು ದಶಕಗಳಿಂದ ನಡೆಯುತ್ತಿದೆಯೆಂಬುದನ್ನು ನಿಯಮ ಬರೆದವರು ಮರೆತಂತಿತ್ತು. ಗೊಂದಲ ಎದ್ದ ಮೇಲೆ ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್.ಗಳಿಗೆ ಮಾತ್ರ 2025-26ರ ಶೈಕ್ಷಣಿಕ ವರ್ಷದವರೆಗೆ ವಿನಾಯಿತಿ ಸಿಕ್ಕಿತು. ಆರ್‌ಸಿಐ ಅದರ ಬದಲಿಗೆ ಕ್ಲಿನಿಕಲ್ ಸೈಕಾಲಜಿಯದೇ ಬಿ.ಎಸ್ಸಿ. ಆನರ್ಸ್, ಎಂ.ಎ. ಮತ್ತು ಡಾಕ್ಟರೇಟ್ ಮಟ್ಟದ ಸೈ.ಡಿ. ಕೋರ್ಸುಗಳನ್ನು ಮುಂದಿಟ್ಟಿತು. 2025ರ ಆಗಸ್ಟಿನಲ್ಲಿ ಯುಜಿಸಿ ಮನಶ್ಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವುದನ್ನೂ ನಿಲ್ಲಿಸುವಂತೆ ಸೂಚಿಸಿತು. ನಾಸಿಕದ ಯಶವಂತರಾವ್ ಚವ್ಹಾಣ ಮುಕ್ತ ವಿಶ್ವವಿದ್ಯಾಲಯವಾಗಲಿ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಲಿ ಈ ಸೂಚನೆಯಿಂದ ಹೊರತಲ್ಲ.

ಹೊಸ ವ್ಯವಸ್ಥೆಯಲ್ಲಿ ಆಸ್ಪತ್ರೆಯ ತರಬೇತಿ ಎಂ.ಎ. ನಂತರ ಬರುವುದಿಲ್ಲ, ಎಂ.ಎ. ಒಳಗೇ ಸೇರುತ್ತದೆ. ಹಾಗಾಗಿ ಅನುಮತಿ ಬೇಡುವ ಯಾವುದೇ ಮನಶ್ಶಾಸ್ತ್ರ ವಿಭಾಗ ಮೊದಲು ರೋಗಿಗಳನ್ನೂ ಮೇಲ್ವಿಚಾರಕರನ್ನೂ ತೋರಿಸಬೇಕಾಗುತ್ತದೆ. ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡ ವಿಶ್ವವಿದ್ಯಾಲಯದಂಥ ಸಾಮಾನ್ಯ ವಿಶ್ವವಿದ್ಯಾಲಯಕ್ಕೆ ಇದರರ್ಥ, ನಾಸಿಕದ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಆಸ್ಪತ್ರೆಯೊಂದರ ಜೊತೆ ಒಪ್ಪಂದ. ಕರ್ನಾಟಕದ ಸಾಮಾನ್ಯ ವಿಶ್ವವಿದ್ಯಾಲಯಗಳಿಗೂ ಅದೇ ದಾರಿ: ಹತ್ತಿರದ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗದ ಒಪಿಡಿಯಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಕುರ್ಚಿ, ಅಲ್ಲಿ ಅವರ ಕೆಲಸವನ್ನು ನೋಡಿ ತಿದ್ದಲು ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟರ ಕಾಯಂ ಹುದ್ದೆ.